ಮರೆಯಲ್ಲಿ ನಿಲ್ಲುವ ಹಕ್ಕು

ಅಮೆರಿಕದ ಹಲವು ಕಾಲೇಜುಗಳಿಗೆ ಅರ್ಜಿ ಹಾಕುವ ಮಕ್ಕಳು ಅಂಕಪಟ್ಟಿಯ ಜೊತೆಗೆ ತಮ್ಮ ಬಗ್ಗೆ ಒಂದು ಪ್ರಬಂಧವನ್ನೂ ಬರೆಯಬೇಕು. ನೂರಾರು ಕಾಲೇಜುಗಳು ಒಪ್ಪುವ ‘ಕಾಮನ್ ಆಪ್’ ಅರ್ಜಿಯಲ್ಲಿ ಅದರ ಮಿತಿ 650 ಪದ. ಕೆಲವರು ಅದಕ್ಕೆ ರೆಸಿಪಿ, ಲ್ಯಾಬ್ ರಿಪೋರ್ಟ್, ನಾಟಕದ ದೃಶ್ಯ ಹೀಗೆ ಏನಾದರೊಂದು ವೇಷ ತೊಡಿಸುತ್ತಾರೆ. ರಾಶಿಯಲ್ಲಿ ಎದ್ದು ಕಾಣಲಿ ಎನ್ನುವುದು ಕೌನ್ಸೆಲರುಗಳು ಕೊಡುವ ಕಾರಣ. ನನಗದು ಒಪ್ಪಿಗೆಯಿಲ್ಲ, ಎಲ್ಲರೂ ವೇಷ ಹಾಕಿದ ದಿನ ಎದ್ದು ಕಾಣುವವನು ಹಾಕದವನೇ. ನಾನು ವೇಷದ ಪರ ನಿಲ್ಲುವುದು ಅದು ಬರೆಯುವವರಿಗೆ ಒಂದು ಮರೆ ಕೊಡುತ್ತದೆ ಎಂಬ ಕಾರಣಕ್ಕೆ.

ಮರೆ ಯಾಕೆ ಬೇಕೆಂದರೆ, ‘ನೀನು ಯಾರು’ ಎಂದು ಕೇಳುವವರ ಕೈಯಲ್ಲಿ ಸೀಟಿದೆ. ಆ ಪ್ರಶ್ನೆಯ ಹುಟ್ಟೂ ಮುಗ್ಧವಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಅಂಕದ ಜೊತೆ ‘ಚಾರಿತ್ರ್ಯ’ವನ್ನೂ ಅಳೆಯಲು ಹೊರಟದ್ದು ಪರೀಕ್ಷೆಯಲ್ಲಿ ಮುಂದಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ತಗ್ಗಿಸಲು ಎಂದು ಜೆರೋಮ್ ಕ್ಯಾರಬೆಲ್ ‘ದಿ ಚೋಸನ್’ (2005) ಪುಸ್ತಕದಲ್ಲಿ ದಾಖಲೆ ಸಮೇತ ತೋರಿಸಿದ್ದಾರೆ. ಈಗಿನ ಉದ್ದೇಶ ಬೇರೆ, ಆದರೂ ಒತ್ತಡ ತಪ್ಪಿಲ್ಲ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಪ್ರವೇಶ ಕೊಡುವುದನ್ನು ತಡೆಯಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ಅಭ್ಯರ್ಥಿ ಪ್ರಬಂಧದಲ್ಲಿ ಹೇಳಿಕೊಳ್ಳಲು ಅಡ್ಡಿಯಿಲ್ಲ ಎಂದಿತು. ಗಾಯ ಬಿಚ್ಚಿ ತೋರಿಸುವ ಒತ್ತಡ ಮಕ್ಕಳ ಮೇಲೆ ಇನ್ನಷ್ಟು ಬಿತ್ತು.

ಬೆಂಗಳೂರಿನ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಅಮ್ಮನಿಗೆ ಪಾಳಿ ಕೆಲಸ, ಮನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜಿ. ನೇರವಾಗಿ ಬರೆದರೆ ಕಷ್ಟ, ಕಣ್ಣೀರು, ಕಲಿತ ಪಾಠ. ಓದುವವರು ಬೆಳಗಿನಿಂದ ಅಂಥದ್ದನ್ನೇ ಓದಿರುತ್ತಾರೆ. ಅದರ ಬದಲು ಅವಳು ಪ್ರಬಂಧವನ್ನೇ ಶಾಲೆಗೆ ಕೊಡುವ ನಾಲ್ಕು ರಜಾ ಅರ್ಜಿಗಳಾಗಿ ಬರೆಯುತ್ತಾಳೆ. ಇಂದ, ಗೆ, ಮಾನ್ಯರೆ, ವಿಷಯ: ಒಂದು ದಿನದ ರಜೆ ಕೋರಿ. ಮೊದಲನೆಯದರಲ್ಲಿ ಜ್ವರ. ಎರಡನೆಯದರಲ್ಲೂ ಜ್ವರ. ಮೂರನೆಯದರಲ್ಲಿ ಅಕ್ಕನ ಮದುವೆ. ಅವಳಿಗೆ ಅಕ್ಕನೇ ಇಲ್ಲವೆಂಬುದು ಕಾಲೇಜಿನ ಅರ್ಜಿಯ ಕುಟುಂಬದ ಕಾಲಮ್ಮಿನಲ್ಲಿದೆ. ನಾಲ್ಕನೆಯದು: ‘ಅಜ್ಜಿ ನಿನ್ನೆ ಒಬ್ಬರೇ ಬಸ್ ಹತ್ತಿಬಿಟ್ಟಿದ್ದರು. ಇವತ್ತು ಬಾಗಿಲ ಬಳಿ ಕೂರಲು ಬೇರೆ ಯಾರೂ ಇಲ್ಲ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ.’

ಕಷ್ಟಪಟ್ಟೆ ಎಂದು ಅವಳು ಎಲ್ಲೂ ಹೇಳಿಲ್ಲ. ಇಷ್ಟು ದಿನ ಮುಚ್ಚಿಟ್ಟಿದ್ದಳು ಎಂಬುದೇ ಇಲ್ಲಿ ವಿಷಯ. ಅದನ್ನು ಹೇಳಲು ಸುಳ್ಳಿಗೆ ಹೆಸರಾದ ರಜಾ ಅರ್ಜಿಗಿಂತ ತಕ್ಕ ರೂಪ ಬೇರೆಯಿಲ್ಲ. ಇವಳೇ ರಸಂ ಮಾಡುವ ವಿಧಾನ ಬರೆದು ‘ಎರಡು ಚಮಚ ಛಲ’ ಸೇರಿಸಿದ್ದರೆ ಅದು ಬರೀ ಒಗ್ಗರಣೆಯಾಗುತ್ತಿತ್ತು.

ಪ್ರಾಮಾಣಿಕವಾಗಿ ಬರೆ ಎಂದವರೆದುರು ಮರೆಯಲ್ಲಿ ನಿಲ್ಲುವುದು ಮೋಸವಲ್ಲವೇ? ಅಲ್ಲ. ಯಾವುದನ್ನು ಹೇಳುತ್ತೇನೆ, ಯಾವುದನ್ನು ಬಿಡುತ್ತೇನೆ ಎಂಬ ವಿವೇಕವೂ ‘ನಾನು ಯಾರು’ ಎಂಬುದರ ಉತ್ತರವೇ. ಸಿಇಟಿ ರ‍್ಯಾಂಕ್ ನೋಡಿ ಸೀಟು ಕೊಡುವ ನಮ್ಮ ಪದ್ಧತಿ ಮಕ್ಕಳನ್ನು ಬರೀ ಸಂಖ್ಯೆ ಮಾಡಿತೆಂದು ಬೈಯುತ್ತೇವೆ. ಅದು ಅಜ್ಜಿಯ ವಿಚಾರ ಕೇಳುವುದಿಲ್ಲ ಎಂಬ ಸೌಜನ್ಯವನ್ನು ಮಾತ್ರ ಗಮನಿಸುವುದಿಲ್ಲ.

ಒಂದು ತೊಡಕಂತೂ ಉಳಿಯುತ್ತದೆ. ಇಂಥ ರೂಪ ಹೊಳೆಯಬೇಕಾದರೆ ಸಾಕಷ್ಟು ಓದಿರಬೇಕು, ಇಲ್ಲವೇ ದುಬಾರಿ ಕೌನ್ಸೆಲರ್ ಬೇಕು. ಎರಡೂ ಇಲ್ಲದ ಹುಡುಗ ನೇರವಾಗಿಯೇ ಬರೆಯುತ್ತಾನೆ. ಮರೆಯ ಅಗತ್ಯ ಹೆಚ್ಚಾಗಿರುವುದು ಅವನಿಗೇ.