ಜಯ-ಪರಾಜಯದ ಚಿಂತೆ

ಶ್ರಾವಕನಿಗೆ ಹೇಳಿರುವ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ತನಗಾಗಲಿ ತನ್ನವರಿಗಾಗಲಿ ಯಾವ ಪ್ರಯೋಜನವೂ ಇಲ್ಲದೆ ಕಟ್ಟಿಕೊಳ್ಳುವ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಗೃಹಸ್ಥನ ಜೀವನೋಪಾಯದಲ್ಲಿ ಕೆಲಮಟ್ಟಿನ ಹಿಂಸೆ ತಪ್ಪದೆಂದು ಒಪ್ಪಿದ ಆಚಾರ್ಯರು ಈ ನಿಷ್ಪ್ರಯೋಜಕ ಪಾಪವನ್ನು ಮಾತ್ರ ಮನ್ನಿಸಲಿಲ್ಲ. ಅದರ ಐದು ಬಗೆಗಳಲ್ಲಿ ಮೊದಲನೆಯದು ಅಪಧ್ಯಾನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಿಡಿಸಿ ಹೇಳುವಾಗ, ಪರರಿಗೆ ವಧೆ, ಬಂಧನ, ಅಂಗಚ್ಛೇದ, ಧನನಷ್ಟ ಇವು ಹೇಗೆ ಒದಗೀತೆಂದು ಮನಸ್ಸಿನಲ್ಲಿ ಹೊಂಚುವುದನ್ನು ಎಣಿಸುತ್ತಾರೆ. ಆ ಎಣಿಕೆಯ ತಲೆಯಲ್ಲಿಯೇ ಇರುವ ಎರಡು ಪದಗಳನ್ನು ಗಮನಿಸದೆ ಮುಂದೆ ಸಾಗುವುದು ಸುಲಭ. ಅವು ಜಯ ಮತ್ತು ಪರಾಜಯ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರೂ ಬೇಟೆ, ಯುದ್ಧ, ಕಳವುಗಳ ಜೊತೆಯಲ್ಲಿಯೇ ಗೆಲುವು-ಸೋಲುಗಳ ಚಿಂತೆಯನ್ನು ವರ್ಜ್ಯವೆಂದು ಇರಿಸಿದ್ದಾರೆ.

ಕೊಲೆಯ ಪಕ್ಕದಲ್ಲಿ ಸೋಲು-ಗೆಲುವಿನ ಚಿಂತೆಯನ್ನು ಏಕೆ ಕೂರಿಸಿದರು? ಇದು ಅತಿರೇಕವಲ್ಲವೇ ಎಂದು ಕೇಳುವವರುಂಟು. ಭಾರತ-ಪಾಕಿಸ್ತಾನ ಕ್ರಿಕೆಟ್ ಪಂದ್ಯವಿರುವ ದಿನ ಸಿಂಧನೂರಿನ ಗಂಜಿನಲ್ಲಿ ಒಂದು ಗಳಿಗೆ ನಿಂತವರಿಗೆ ಉತ್ತರ ತಾನಾಗಿ ಹೊಳೆದೀತು. ಭತ್ತದ ಚೀಲ ಹೊರುವ ಹಮಾಲನಿಂದ ಹಿಡಿದು ಅಡತಿ ಅಂಗಡಿಯ ಗಾದಿಯ ಮೇಲೆ ಕುಳಿತ ಸಾಹುಕಾರರವರೆಗೆ ಎಲ್ಲರ ಕಿವಿಯೂ ಒಂದೇ ಕಡೆ. ಲಿಂಗಸುಗೂರಿನ ಹೋಟೆಲುಗಳಲ್ಲಿಯೂ ಮಸ್ಕಿಯ ಬಸ್ ನಿಲ್ದಾಣದಲ್ಲಿಯೂ ಇದೇ ಸ್ಥಿತಿ. ಇದರಲ್ಲಿ ಕೆಡುಕೇನೂ ಇಲ್ಲ. ದುಡಿಮೆಯ ನಡುವೆ ಮನಸ್ಸಿಗೆ ವಿರಾಮ ಬೇಕು. ನ್ಯೂಜಿಲೆಂಡಿನೊಡನೆಯೋ ಶ್ರೀಲಂಕೆಯೊಡನೆಯೋ ಆಟವಾದಾಗ ಕೇಳಿಬರದ ಕೆಲವು ಮಾತುಗಳು ಮಾತ್ರ ಈ ದಿನ ಕೇಳಿಬರುತ್ತವೆ. ವಿಚಾರ ಮಾಡಬೇಕಾದದ್ದು ಆ ಮಾತುಗಳನ್ನು.

ಕನ್ನಡಿಗರ ಸ್ಮೃತಿಯಲ್ಲಿ ಅಚ್ಚೊತ್ತಿದ ಪಂದ್ಯವೊಂದುಂಟು. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ನಡೆಯಿತು. ಭಾರತದ ತಂಡದಲ್ಲಿ ಜಾವಗಲ್ ಶ್ರೀನಾಥ, ಅನಿಲ್ ಕುಂಬ್ಳೆ, ವೆಂಕಟೇಶ ಪ್ರಸಾದ ಮೂವರೂ ಕನ್ನಡ ನಾಡಿನವರು. ಸಿದ್ಧು 93 ರನ್ನು ಹೊಡೆದರು. ಅಜಯ್ ಜಡೇಜಾ 25 ಎಸೆತಗಳಲ್ಲಿ 45 ರನ್ನು ಬಾಚಿದರು. ವಕಾರ್ ಯೂನಿಸರ ಕೊನೆಯ 2 ಓವರುಗಳಲ್ಲಿಯೇ 40 ರನ್ನು ಬಂದವು. ಭಾರತ 8 ವಿಕೆಟಿಗೆ 287, ಪಾಕಿಸ್ತಾನ 9 ವಿಕೆಟಿಗೆ 248. ಗೆಲುವಿನ ಅಂತರ 39. ಈ ಲೆಕ್ಕವನ್ನು ಇಂದು ನೆನಪಿಟ್ಟವರು ವಿರಳ. ಎಲ್ಲರಿಗೂ ನೆನಪಿರುವುದು ಎರಡೇ ಎಸೆತ. ಅಮೀರ್ ಸೊಹೈಲ್ ಚೆಂಡನ್ನು ಬೌಂಡರಿಗೆ ಅಟ್ಟಿ, ಮತ್ತೆ ಅಲ್ಲಿಗೇ ಹೊಡೆಯುವೆನೆಂಬಂತೆ ಬ್ಯಾಟಿನಿಂದ ತೋರಿಸಿದ್ದು. ಮುಂದಿನ ಎಸೆತದಲ್ಲಿಯೇ ಪ್ರಸಾದರು ಅವನ ಆಫ್ ಸ್ಟಂಪನ್ನು ಉರುಳಿಸಿ ಕೈಯಾಡಿಸಿ ಹೊರಗಟ್ಟಿದ್ದು.

ಆ ಕ್ಷಣ ಅಷ್ಟು ಸಿಹಿಯಾದದ್ದು ಏತಕ್ಕೆ? ಕೌಶಲದ ದೃಷ್ಟಿಯಿಂದ ನೋಡಿದರೆ ಅದು ಅಸಾಮಾನ್ಯ ಎಸೆತವೇನಲ್ಲ. ಪ್ರಸಾದರೇ ಅದಕ್ಕಿಂತ ಉತ್ತಮವಾದವನ್ನು ಬೇಕಾದಷ್ಟು ಎಸೆದಿದ್ದಾರೆ. ಪಂದ್ಯವನ್ನು ತಿರುಗಿಸಿದ್ದರಲ್ಲಿ ಜಡೇಜಾರ ಪಾಲು ಇದಕ್ಕಿಂತ ಕಡಿಮೆಯೆನ್ನಲಾಗದು. ಆದರೂ ನಾಲಿಗೆಯ ಮೇಲೆ ಉಳಿದದ್ದು ಎದುರಾಳಿಯ ಮಾನಭಂಗದ ರುಚಿ. ಆಡಿದವನ ಕುಶಲತೆಗೆ ಸಂತೋಷಪಡುವುದು ಒಂದು. ತನ್ನವರು ಗೆದ್ದರೆಂದು ಸಂತೋಷಪಡುವುದು ಇನ್ನೊಂದು. ಪರನ ಮೋರೆ ಸಪ್ಪಗಾಯಿತೆಂದು ಹಿಗ್ಗುವುದು ಮತ್ತೊಂದು. ಮೂರೂ ಒಂದೇ ಚಪ್ಪಾಳೆಯಲ್ಲಿ ಬೆರೆತು ಬರುವುದರಿಂದ ಹೊರಗಿನವರಿಗೆ ಬೇರೆಬೇರೆಯಾಗಿ ಕಾಣವು. ಚಪ್ಪಾಳೆ ತಟ್ಟಿದವನಿಗೆ ಮಾತ್ರ ಗೊತ್ತಿರುತ್ತದೆ. ಗಡಿಯಾಚೆಯವರ ಮನಸ್ಸೂ ಭಿನ್ನವಲ್ಲ. 1986ರಲ್ಲಿ ಶಾರ್ಜಾದಲ್ಲಿ ಜಾವೇದ್ ಮಿಯಾಂದಾದ್ ಕೊನೆಯ ಎಸೆತಕ್ಕೆ ಹೊಡೆದ ಸಿಕ್ಸರನ್ನು ಅವರೂ ದಶಕಗಳ ಕಾಲ ಹೀಗೆಯೇ ಚಪ್ಪರಿಸಿದರು.

ಮೊದಲನೆಯದಕ್ಕೆ ಶಾಸ್ತ್ರದಲ್ಲಿ ಪ್ರಮೋದಭಾವನೆಯೆಂದು ಹೆಸರುಂಟು. ಗುಣದಲ್ಲಿ ಹೆಚ್ಚಿನವರನ್ನು ಕಂಡು ಹರ್ಷಿಸುವುದು, ಅವರು ಯಾರೇ ಆಗಿರಲಿ. ಎರಡನೆಯದು ರಾಗ. ಗೃಹಸ್ಥನು ಮುನಿಯಲ್ಲ; ತನ್ನ ಮನೆ, ಊರು, ದೇಶಗಳ ಮೇಲೆ ಅವನಿಗೆ ಮಮತೆ ಇದ್ದೇ ಇರುತ್ತದೆ, ಅದನ್ನು ಯಾರೂ ಅಪರಾಧವೆನ್ನರು. ಮೂರನೆಯದು ಶುದ್ಧ ದ್ವೇಷ. ದೇಶಪ್ರೇಮದ ಹೆಸರಿನಲ್ಲಿ ಈ ಮೂರನೆಯದನ್ನು ಎರಡನೆಯದರ ಖಾತೆಗೆ ಜಮಾ ಮಾಡುವುದು ಸುಳ್ಳು ಲೆಕ್ಕ. ವ್ಯಾಪಾರಸ್ಥರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದ್ವೇಷಕ್ಕೆ ತನ್ನವರು, ಪರರು ಎಂಬ ಭೇದ ಬಹುಕಾಲ ನಿಲ್ಲದು. ಬೆಂಗಳೂರಿನ ಆ ಪಂದ್ಯದಲ್ಲಿ ಪಾಕಿಸ್ತಾನದ ನಾಯಕ ವಾಸಿಂ ಅಕ್ರಮ್ ಗಾಯದಿಂದಾಗಿ ಆಡಲಿಲ್ಲ. ಸೋತ ಮೇಲೆ ಅವರ ದೇಶದವರೇ ಅವರನ್ನು ವಂಚಕನೆಂದು ದೂಷಿಸಿದರು. ಇತ್ತ ನಾಲ್ಕೇ ದಿನಗಳ ಅನಂತರ, ಮಾರ್ಚ್ 13ರಂದು, ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕೆಯ ವಿರುದ್ಧ ಭಾರತ 8 ವಿಕೆಟಿಗೆ 120 ಎಂಬ ಸ್ಥಿತಿಗೆ ಬಂದಾಗ ಪ್ರೇಕ್ಷಕರು ಮೈದಾನಕ್ಕೆ ಬಾಟಲಿಗಳನ್ನು ಎಸೆದರು, ಆಸನಗಳಿಗೆ ಬೆಂಕಿಯಿಟ್ಟರು. ಪಂದ್ಯವನ್ನು ನಿಲ್ಲಿಸಿ ಶ್ರೀಲಂಕೆಗೆ ಜಯವನ್ನು ಕೊಡಬೇಕಾಯಿತು. ಒಂಬತ್ತರಂದು ದೇಶವೇ ಹೊತ್ತು ಮೆರೆಸಿದ ಆಟಗಾರರು ಹದಿಮೂರರಂದು ಅದೇ ದೇಶದವರ ಕೋಪಕ್ಕೆ ಗುರಿಯಾದರು. ಕಷಾಯವು ಪಾತ್ರೆಯನ್ನೇ ಮೊದಲು ಸುಡುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 1999ರ ಜನವರಿಯಲ್ಲಿ ಪಾಕಿಸ್ತಾನ ತಂಡ ಬರಬಾರದೆಂದು ದಿಲ್ಲಿಯ ಕೋಟ್ಲಾ ಮೈದಾನದ ಪಿಚ್ಚನ್ನೇ ಅಗೆದುಹಾಕಿದ್ದರು. ಆ ಉದ್ವೇಗದ ನಡುವೆಯೇ ಚೆನ್ನೈಯಲ್ಲಿ ಟೆಸ್ಟ್ ನಡೆಯಿತು. ಸಚಿನ್ ತೆಂಡೂಲ್ಕರ್ ಬೆನ್ನುನೋವನ್ನು ಸಹಿಸಿ 136 ರನ್ನು ಹೊಡೆದರೂ ಭಾರತ ಕೇವಲ 12 ರನ್ನುಗಳಿಂದ ಸೋತಿತು. ಕ್ಷಣಕಾಲ ಮೈದಾನ ಸ್ತಬ್ಧವಾಯಿತು. ಆಮೇಲೆ ಚೆನ್ನೈಯ ಜನ ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು. ಅವರು ಮೈದಾನವನ್ನು ಒಂದು ಸುತ್ತು ಓಡಿ ವಂದಿಸಿದರು. ಪ್ರಮೋದಭಾವನೆಯನ್ನು ಪಾಠಶಾಲೆಯ ಮಕ್ಕಳಿಗೆ ತಿಳಿಸಬೇಕಾದಾಗ ಪುರಾಣದ ಉದಾಹರಣೆಗಾಗಿ ಹುಡುಕಬೇಕಾಗಿಲ್ಲ. ಮುಂದಿನ ವಾರವೇ ಕೋಟ್ಲಾದಲ್ಲಿ ಕುಂಬ್ಳೆಯವರು 74 ರನ್ನಿಗೆ ಒಂದು ಇನ್ನಿಂಗ್ಸಿನ ಹತ್ತೂ ವಿಕೆಟುಗಳನ್ನು ಪಡೆದರು. ಹತ್ತನೆಯದು ಗೆಳೆಯನಿಗೇ ಸಲ್ಲಲೆಂದು ಶ್ರೀನಾಥರು ಚೆಂಡನ್ನು ಸ್ಟಂಪಿನಿಂದ ದೂರ ದೂರ ಎಸೆದರು. (ಅದರ ಧರ್ಮಾಧರ್ಮದ ಜಿಜ್ಞಾಸೆ ಬೇರೆಯದೇ ಲೇಖನಕ್ಕೆ ವಸ್ತುವಾದೀತು.)

ಜೈನರಿಗೆ ಪಂದ್ಯವೆಂಬುದು ಹೊಸ ವಿಷಯವಲ್ಲ. ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾಗಿ ನಿಂತಾಗ, ಇಬ್ಬರ ಕಲಹಕ್ಕೆ ಸಾವಿರಾರು ಜೀವಗಳು ಏಕೆ ಬಲಿಯಾಗಬೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಏರ್ಪಡಿಸಿದರಷ್ಟೆ. ಯುದ್ಧದ ಬದಲಿಗೆ ಆಟ! ಬಾಹುಬಲಿ ಮೂರರಲ್ಲಿಯೂ ಗೆದ್ದನು. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿಯೂ, ಹಿರಿಯನೆಂಬ ಗೌರವದಿಂದ ನೆಲಕ್ಕೆ ಕೆಡವಲಿಲ್ಲ. ಹಿಂಸೆ ತಲೆಯೆತ್ತಿದ್ದು ಆಟ ಮುಗಿದ ಮೇಲೆ, ಸೋಲನ್ನು ನುಂಗಲಾರದ ಭರತನು ಚಕ್ರವನ್ನು ಎಸೆದಾಗ. ಈ ಕಥೆಯನ್ನು ವೈರಾಗ್ಯದ ಕಥೆಯೆಂದೇ ಓದುವ ರೂಢಿಯಿದೆ, ಅದು ಯುಕ್ತವೇ. ಆದರೆ ಎದುರಾಳಿಯನ್ನು ಎತ್ತಿ ಹಿಡಿದವನು ಅವನನ್ನು ಹೇಗೆ ಇಳಿಸಬೇಕೆಂಬ ಸಂಗತಿಯೂ ಅದರಲ್ಲಿದೆ.

ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಕೃಷ್ಣಾ-ತುಂಗಭದ್ರೆಗಳ ನಡುವಣ ದೋಆಬಿನ ಊರುಗಳು. ಮರಳಿ ಮರಳಿ ಕಾದಾಡುವ ನೆರೆಹೊರೆ ರಾಜ್ಯಗಳ ಕಥೆ ಈ ನೆಲಕ್ಕೆ ಚೆನ್ನಾಗಿ ಗೊತ್ತು. ವಿಜಯನಗರದವರೂ ಬಹಮನಿಯವರೂ, ಆಮೇಲೆ ಬಿಜಾಪುರದವರೂ ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ತಲೆಮಾರುಗಟ್ಟಲೆ ಸೆಣಸಿದರು; 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದನು, 1565ರ ಕದನದ ಅನಂತರ ಮತ್ತೆ ಎಲ್ಲವೂ ಕೈ ಬದಲಾಯಿತು. ಇಂದು ಅದೇ ಲಿಂಗಸುಗೂರು ತಾಲೂಕಿನ ಮುದಗಲ್ಲಿನಲ್ಲಿ ಮೊಹರಂ ಬಂದರೆ ಹಿಂದೂ ಮುಸ್ಲಿಮರು ಕೂಡಿಯೇ ಆಚರಿಸುತ್ತಾರೆ. ಇಂತಹ ಸೀಮೆಯಲ್ಲಿ ಪಂದ್ಯದ ದಿನ ಮಾತ್ರ ಮುಸ್ಲಿಂ ನೆರೆಯವನ ಮುಖವನ್ನು ಓರೆಗಣ್ಣಿನಿಂದ ಪರೀಕ್ಷಿಸುವ ಚಾಳಿ ಕಾಣಿಸಿಕೊಂಡಿದೆ. ವರ್ಷವಿಡೀ ಲಾರಿ ನಡೆಸಿ, ಗಿರಣಿ ನೋಡಿಕೊಂಡು ಅಂಗಡಿಯ ಅನ್ನಕ್ಕೆ ಆಧಾರವಾದವನು ಅಂದು ತನ್ನ ನಿಷ್ಠೆಗೆ ಪುರಾವೆ ಕೊಡಬೇಕು! 1996ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಭಾರತ ತಂಡದ ನಾಯಕ ಹೈದರಾಬಾದಿನ ಅಜರುದ್ದೀನ್ ಎಂಬುದನ್ನು ಮರೆಯಲಾಗುತ್ತದೆ. 2021ರ ಅಕ್ಟೋಬರಿನಲ್ಲಿ ದುಬೈಯಲ್ಲಿ ಭಾರತ 10 ವಿಕೆಟುಗಳಿಂದ ಸೋತಾಗ ಇಡೀ ತಂಡ ವಿಫಲವಾಗಿತ್ತು. ಬೈಗುಳ ಮಾತ್ರ ಮಹಮ್ಮದ್ ಶಮಿಯ ಪಾಲಿಗೆ ಬಂತು. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಅವರ ಪರ ನಿಂತದ್ದು ಯೋಗ್ಯವಾದ ಕಾರ್ಯ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದ ಕರ್ಮಾಸ್ರವವಾಗುವುದೆಂದು ಬಲ್ಲವರು, ಇಂತಹ ಮಾತು ನಡೆಯುವಾಗ ಕಿಸಕ್ಕನೆ ನಕ್ಕು ಸುಮ್ಮನಿರುವುದೂ ಅನುಮೋದನೆಯೇ ಎಂಬುದನ್ನು ಬಲ್ಲರು.

ಇತ್ತೀಚಿನ ಒಂದು ಪ್ರಸಂಗವನ್ನು ಕುರಿತು ಹೇಳದಿದ್ದರೆ ಈ ವಿಚಾರ ಅಪೂರ್ಣ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿ ನಿರಪರಾಧಿಗಳನ್ನು ಕೊಂದರು. ಅದೇ ಸೆಪ್ಟೆಂಬರ್ 14ರಂದು ದುಬೈಯಲ್ಲಿ ಏಷ್ಯಾಕಪ್ಪಿನ ಪಂದ್ಯವಾಡಿದ ಭಾರತದ ಆಟಗಾರರು ಎದುರಾಳಿಗಳ ಕೈ ಕುಲುಕಲಿಲ್ಲ. ಜೈನ ಮನೆಗಳಲ್ಲಿ ಕ್ಷಮಾಯಾಚನೆಯ ದಿನ ಕಳೆದು ಆಗ ಮೂರು ವಾರವೂ ಆಗಿರಲಿಲ್ಲ. ದುಃಖ ನಿಜವಾದದ್ದು, ಅದನ್ನು ಲಘುವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆ ದುಃಖದಿಂದಾಗಿ ಆಡುವುದೇ ಬೇಡವೆಂದಿದ್ದರೆ ಅದೊಂದು ಸುಸಂಗತವಾದ ನಿಲುವಾಗುತ್ತಿತ್ತು, ನಷ್ಟವನ್ನು ಹೊರುವ ತ್ಯಾಗವೂ ಆಗುತ್ತಿತ್ತು. ಆಟವನ್ನು ಆಡಿ, ಅದರ ಆದಾಯವನ್ನೂ ಪಡೆದು, ಅದರ ಸೌಜನ್ಯವನ್ನು ಮಾತ್ರ ತೊರೆಯುವುದು ಅರ್ಧಮರ್ಧ ವ್ರತ. ಕೊಂದವರು ಆ ಹನ್ನೊಂದು ಆಟಗಾರರಲ್ಲ.

ಆದಾಯದ ಮಾತು ಬಂದದ್ದರಿಂದ ಇನ್ನೊಂದನ್ನು ಸೇರಿಸಬಹುದು. ಉಭಯ ದೇಶಗಳ ನಡುವಣ ಕೊನೆಯ ಟೆಸ್ಟ್ ನಡೆದದ್ದು 2007ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿಯೇ. ಕೊನೆಯ ಪರಸ್ಪರ ಸರಣಿ ಆರಂಭವಾದದ್ದೂ ಅಲ್ಲಿಯೇ, 2012ರ ಡಿಸೆಂಬರ್ 25ರಂದು. ಅದು ಮುಂದಿನ ಜನವರಿಯಲ್ಲಿ ದಿಲ್ಲಿಯಲ್ಲಿ ಮುಗಿಯಿತು. ಅಲ್ಲಿಂದೀಚೆಗೆ ಇವರು ಎದುರಾಗಿರುವುದು ಬಹುರಾಷ್ಟ್ರಗಳ ಪಂದ್ಯಾವಳಿಗಳಲ್ಲಿ ಮಾತ್ರ, ಅವುಗಳಲ್ಲಿ ಬಹುತೇಕ ಒಂದೇ ಗುಂಪಿನಲ್ಲಿ. ಪರಸ್ಪರರ ಊರಿಗೆ ಹೋಗಿ, ವಾರಗಟ್ಟಲೆ ಉಂಡು ಉಳಿದು ಆಡುತ್ತಿದ್ದ ಕಾಲ ಹೋಯಿತು. 2004ರಲ್ಲಿ ರಾವಲ್ಪಿಂಡಿಯಲ್ಲಿ ರಾಹುಲ್ ದ್ರಾವಿಡ್ 270 ರನ್ನು ಹೊಡೆದ ಪ್ರವಾಸಕ್ಕೆ ತಂಡವನ್ನು ಬೀಳ್ಕೊಡುವಾಗ ಪ್ರಧಾನಿ ವಾಜಪೇಯಿಯವರು ಆಟವನ್ನಷ್ಟೇ ಅಲ್ಲ, ಹೃದಯಗಳನ್ನೂ ಗೆದ್ದು ಬರುವಂತೆ ಹರಸಿದ್ದರು. ಒಂದು ಸಂಜೆಯ ಪಂದ್ಯದಲ್ಲಿ ಹೃದಯ ಗೆಲ್ಲುವುದಕ್ಕೆ ಅವಕಾಶವಾದರೂ ಎಲ್ಲಿದೆ? ಉಳಿದಿರುವುದು ವೈರ; ಜಾಹೀರಾತುದಾರರಿಗೆ ಅದೇ ಸರಕು. ಸರಕನ್ನು ಕೆಡದಂತೆ ಕಾಯುವುದು ಮಾರುವವನ ಸ್ವಭಾವ. ಕೊಳ್ಳುವವನು ತಾನು ಏನನ್ನು ಕೊಳ್ಳುತ್ತಿರುವೆನೆಂದು ಪರಿಶೀಲಿಸಬೇಕಷ್ಟೆ. ಬಾಜಿ ಕಟ್ಟುವವರ ವಿಷಯದಲ್ಲಿ ಚರ್ಚೆಯೇ ಬೇಡ. ಜೂಜು ಸಪ್ತವ್ಯಸನಗಳಲ್ಲಿ ಒಂದೆಂದು ಬಾಲಕರೂ ಬಲ್ಲರು.

ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರನ್ನು ಹೊತ್ತ ಶಾಸನ 1915ರಲ್ಲಿ ದೊರೆಯಿತು. ಭೀಮಾ ತೀರದ ಸನ್ನತಿಯಲ್ಲಿ ಅದೇ ಅರಸನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಸಿಕ್ಕಿದೆ. ತನ್ನ ಪಂಥದ ಮೇಲಿನ ಮೋಹದಿಂದ ಪರಪಂಥವನ್ನು ಹಳಿಯುವವನು ತನ್ನದಕ್ಕೇ ಹೆಚ್ಚು ಹಾನಿ ಮಾಡುತ್ತಾನೆಂಬುದು ಅದರ ತಾತ್ಪರ್ಯ. ಕಳಿಂಗವನ್ನು ಗೆದ್ದು ಪಶ್ಚಾತ್ತಾಪಪಟ್ಟವನ ಮಾತು ಅದು.

ಸಮಾಜದ ಭವನದಲ್ಲಿ ದೊಡ್ಡ ಪರದೆ ಕಟ್ಟಿ ಈ ಪಂದ್ಯಗಳನ್ನು ತೋರಿಸಬಹುದೇ ಎಂದು ಯುವಕರು ಟ್ರಸ್ಟಿನ ಹಿರಿಯರನ್ನು ಕೇಳುವುದುಂಟು. ಬೇಡವೆಂದರೆ ಅವರು ಬೇರೆ ಕಡೆ ನೋಡುತ್ತಾರೆ, ಅಲ್ಲಿ ತಡೆಯುವವರೂ ಇರರು. ಕಟ್ಟಲಿ. ಟ್ರಸ್ಟಿನವರೂ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ. ಪಾಕಿಸ್ತಾನದ ಹುಡುಗನೊಬ್ಬ ಚೆಂದದ ಕವರ್ ಡ್ರೈವ್ ಹೊಡೆದಾಗ ಮೊದಲ ಚಪ್ಪಾಳೆ ಆ ಸಾಲಿನಿಂದ ಬಂದರೆ, ಹಿಂದಿನವರು ಒಮ್ಮೆ ತಿರುಗಿ ನೋಡಿಯಾರು. ಎರಡನೆಯ ಸಲ ಅವರಲ್ಲಿಯೂ ಯಾರಾದರೂ ಒಬ್ಬರು ತಟ್ಟಿಯಾರು.