ಮಾತಾಡೋಕೆ ಒಂದು ಬೆಟ್ಟ ಬೇಕಾ?

ಬಸವೇಶ್ವರನಗರದ ಯಾವುದಾದರೂ ದರ್ಶಿನಿಯ ಮುಂದೆ ಸಂಜೆ ಏಳು ಗಂಟೆಗೆ ನಿಂತು ನೋಡಿ. ಬೈಟು ಕಾಫಿ ಹಿಡಿದ ನಾಲ್ಕು ಜನ ಹುಡುಗರು ಒಂದು ಗಂಟೆ ಮಾತಾಡ್ತಾರೆ. ಐಪಿಎಲ್, ಅಪ್ರೈಸಲ್, ಹೊಸ ಬೈಕಿನ ಮೈಲೇಜು, ಸುಮನಹಳ್ಳಿ ಜಂಕ್ಷನ್ನಿನ ಟ್ರಾಫಿಕ್ಕು, ಎಲ್ಲ ಬಂದು ಹೋಗುತ್ತೆ. "ಹೇಗಿದ್ದೀಯ ಮಗಾ?" ಅನ್ನೋ ಪ್ರಶ್ನೆಯೂ ಬರುತ್ತೆ. ಉತ್ತರ ಮಾತ್ರ ಮೊದಲೇ ಗೊತ್ತು: "ಆರಾಮ್ ಗುರು."

ಅದೇ ನಾಲ್ವರನ್ನು ಭಾನುವಾರ ಬೆಳಗ್ಗೆ ಐದಕ್ಕೆ ಎಬ್ಬಿಸಿ, ಮಾಗಡಿ ರಸ್ತೆ ಹಿಡಿಸಿ, ತಾವರೆಕೆರೆ ದಾಟಿಸಿ, ಸಾವನದುರ್ಗದ ಬಂಡೆ ಹತ್ತಿಸಿ. ಅರ್ಧ ದಾರಿಯಲ್ಲಿ ಸುಸ್ತಾಗಿ ಕೂತಾಗ, ಕೆಳಗೆ ಮಂಚನಬೆಲೆ ಜಲಾಶಯದ ನೀರು ನೋಡ್ತಾ ಒಬ್ಬ ಬಾಯಿ ಬಿಡ್ತಾನೆ. ನಮ್ಮ ಗುಂಪಿನ ಗೆಳೆಯನೊಬ್ಬ ಕೆಲಸ ಹೋಗಿ ಮೂರು ತಿಂಗಳಾಗಿದೆ ಎಂದು ಹೇಳಿದ್ದು ಹೀಗೇ. ಆ ಮೂರು ತಿಂಗಳೂ ಮನೆಯಿಂದ ಬೆಳಗ್ಗೆ ಬ್ಯಾಗು ಹಾಕ್ಕೊಂಡು ಹೊರಡ್ತಿದ್ದನಂತೆ. ಹೇಳುವಾಗ ಅವನು ನಮ್ಮ ಮುಖ ನೋಡಲಿಲ್ಲ, ನಾವೂ ಅವನ ಮುಖ ನೋಡಲಿಲ್ಲ. ಎಲ್ಲರೂ ನೀರನ್ನೇ ನೋಡ್ತಿದ್ವಿ.

ಹಾಗಾದರೆ ಗಂಡಸರ ಸ್ನೇಹಕ್ಕೆ ಮಾತಾಡಲು ಒಂದು ಬೆಟ್ಟ ಬೇಕಾ? ನೆಪವಿಲ್ಲದೆ ಮನಸ್ಸು ಬಿಚ್ಚಲಾಗದ ಸ್ನೇಹ ಒಂದು ದರ್ಜೆ ಕೆಳಗಿನದಾ?

ಹಾಗೇನಿಲ್ಲ ಅಂತ ನನಗನ್ನಿಸುತ್ತೆ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋದು ಒಂದು ರೀತಿ. ಪಕ್ಕಪಕ್ಕದಲ್ಲಿ ಕೂತು ಮೂರನೆಯದೊಂದನ್ನು ನೋಡ್ತಾ ಮಾತಾಡೋದು ಇನ್ನೊಂದು ರೀತಿ. "ಗಂಡಸು ಅಳಬಾರದು" ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವನಿಗೆ ಎರಡನೆಯದು ಸ್ವಲ್ಪ ಸುಲಭ. ಉಸಿರು ಮೇಲೆ ಬಂದಿರುತ್ತೆ, ಅಂಗಿ ಬೆವರಲ್ಲಿ ತೊಯ್ದಿರುತ್ತೆ. ತಾನು ಸ್ಟ್ರಾಂಗ್ ಅಂತ ತೋರಿಸಿಕೊಳ್ಳುವ ಕೆಲಸಕ್ಕೆ ದೇಹದಲ್ಲಿ ಶಕ್ತಿ ಉಳಿದಿರಲ್ಲ.

ನಾನು ಒಪ್ಪದಿರುವುದು ಇನ್ನೊಂದು ಮಾತನ್ನು. "ನನ್ನನ್ನು ನಾನು ಹುಡುಕಿಕೊಳ್ಳೋಕೆ ಬೆಟ್ಟಕ್ಕೆ ಬಂದೆ" ಅಂತ ಸ್ಟೇಟಸ್ ಹಾಕ್ತೀವಲ್ಲ, ಅದು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದಲ್ಲಿ ನಮ್ಮ 'ನಾನು' ನಮಗಾಗಿ ಕಾಯ್ತಾ ಕೂತಿರುತ್ತಾ? ತೇಜಸ್ವಿಯವರ 'ಕರ್ವಾಲೊ' ನೆನಪಿಸಿಕೊಳ್ಳಿ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ, ಮಂದಣ್ಣ, ಎಂಗ್ಟ, ಕರಿಯಪ್ಪ, ಪ್ರಭಾಕರ ಎಲ್ಲ ಕಾಡಿಗೆ ಹೊರಡ್ತಾರೆ. ಅವರಲ್ಲಿ ಯಾರೂ ತಮ್ಮನ್ನು ತಾವು ಹುಡುಕೋಕೆ ಹೋದವರಲ್ಲ, ಹೋದದ್ದು ಹಾರುವ ಓತಿಯನ್ನು ಹುಡುಕಲು. ಕೊನೆಗೆ ಅದು ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತೆ. ಆದರೆ ಆ ಹುಡುಕಾಟದಲ್ಲಿ ಯಾರು ಎಂಥವರು ಅನ್ನೋದು ಒಬ್ಬರಿಗೊಬ್ಬರಿಗೆ ಕಾಣಿಸುತ್ತಾ ಹೋಗುತ್ತೆ. ಊರಲ್ಲಿ ಎಲ್ಲರೂ ಉಡಾಳ ಅಂದುಕೊಂಡ ಮಂದಣ್ಣ ಕಾಡಲ್ಲಿ ಬೇರೆಯೇ ಮನುಷ್ಯ.

ನನ್ನ ವಾದ ಇಷ್ಟೇ: ಬೆಟ್ಟದ ಮೇಲೆ ನಿಮಗೆ ನೀವು ಸಿಗಲ್ಲ, ನಿಮ್ಮ ಗೆಳೆಯನಿಗೆ ಸಿಕ್ಕಿಬೀಳ್ತೀರಿ. ನೀರು ಕಮ್ಮಿಯಾದಾಗ ಬಾಟಲಿಯನ್ನು ಮೊದಲು ಯಾರಿಗೆ ಕೊಟ್ರಿ? ಹಿಂದುಳಿದವನಿಗೆ ಕಾದು ನಿಂತ್ರಾ, ಇಲ್ಲಾ ಮೇಲೆ ಹೋಗಿ ಸೆಲ್ಫಿ ತಗೊಂಡ್ರಾ? ಕಾದರೂ, ಅವನು ಬಂದ ಕೂಡಲೇ ಎದ್ದು ಹೊರಟ್ರಾ? ನೀವು ಅಷ್ಟು ಹೊತ್ತು ಸುಧಾರಿಸಿಕೊಂಡಿರ್ತೀರಿ, ಅವನಿಗೆ ಕೂರೋಕೂ ಬಿಡುವಿಲ್ಲ. ಇಂಥ ಚಿಕ್ಕ ವಿಷಯಗಳಲ್ಲೇ ನಿಮ್ಮ ಸ್ವಭಾವ ಹೊರಬೀಳೋದು, ಮತ್ತೆ ಅದನ್ನು ಮೊದಲು ನೋಡೋದು ಪಕ್ಕದವನು.

ಅರಿಸ್ಟಾಟಲ್ ಸ್ನೇಹದಲ್ಲಿ ಮೂರು ಬಗೆ ಮಾಡಿದ್ದ: ಉಪಯೋಗಕ್ಕಾಗಿ, ಮೋಜಿಗಾಗಿ, ಮತ್ತೆ ಗೆಳೆಯನ ಒಳಿತಿಗಾಗಿ. ಟ್ರೆಕ್ಕಿಂಗ್ ಗುಂಪುಗಳು ಶುರುವಾಗೋದೇ ಮೋಜಿಗಾಗಿ, ಅದರಲ್ಲಿ ತಪ್ಪೇನೂ ಇಲ್ಲ. ಎರಡನೆಯದು ಮೂರನೆಯದಾಯಿತಾ ಅನ್ನೋದು ಗೊತ್ತಾಗೋದು ಒಬ್ಬ "ಬೇಡ, ವಾಪಸ್ ಹೋಗೋಣ" ಅಂದಾಗ. ಮಳೆ ಬಂದು ಸಾವನದುರ್ಗದ ಬಂಡೆ ಜಾರುವಾಗ ಆ ಮಾತು ಹೇಳೋಕೆ ಧೈರ್ಯ ಬೇಕು. ಮಂಚನಬೆಲೆಯಲ್ಲಿ ನೀರಿಗಿಳಿಯಬೇಡಿ ಎಂದು ಬೋರ್ಡಿದ್ದರೂ ಜನ ಇಳೀತಾರೆ, ಜೀವಗಳೂ ಹೋಗಿವೆ. "ಏನೋ, ಹೆದರಿಕೆನಾ? ಗಂಡಸಲ್ವಾ ನೀನು?" ಅನ್ನುವ ಗೆಳೆಯ ಅಲ್ಲಿ ನೀರಿಗಿಂತ ಅಪಾಯಕಾರಿ. ಬೈಸಿಕೊಂಡರೂ ಪರವಾಗಿಲ್ಲ ಅಂತ ಕೈ ಹಿಡಿದು ಎಳೆದುಕೊಂಡು ಬರುವವನನ್ನು ಕಳೆದುಕೊಳ್ಳಬೇಡಿ.

1953ರ ಮೇ 29ರಂದು ಎವರೆಸ್ಟ್ ಹತ್ತಿದ ತೇನ್‌ಸಿಂಗ್ ಮತ್ತು ಹಿಲರಿಯನ್ನು ಜಗತ್ತೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಮೊದಲು ಕಾಲಿಟ್ಟವರು ಯಾರು? ಇಬ್ಬರೂ ಒಟ್ಟಿಗೇ ತಲುಪಿದೆವು ಅಂತಲೇ ಹೇಳುತ್ತಿದ್ದರು. ಒತ್ತಾಯ ಜಾಸ್ತಿಯಾಗಿ, 1955ರ ತಮ್ಮ ಆತ್ಮಕಥೆಯಲ್ಲಿ ತೇನ್‌ಸಿಂಗ್ ತಾವೇ ಹೇಳಿಬಿಟ್ಟರು: ಹಿಲರಿ ಮೊದಲು, ನಾನು ಹಿಂದೆ. ಅದೇ ಯಾತ್ರೆಯಲ್ಲಿ ಹಿಮದ ಬಿರುಕಿಗೆ ಬೀಳುತ್ತಿದ್ದ ಹಿಲರಿಯನ್ನು ಹಗ್ಗ ಬಿಗಿಹಿಡಿದು ಉಳಿಸಿದ್ದು ಇದೇ ತೇನ್‌ಸಿಂಗ್. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಿಗೆ 'ಯಾರು ಮೊದಲು' ಎಂಬುದು ದೊಡ್ಡ ಪ್ರಶ್ನೆಯಾಗಿ ಕಾಣೋದಿಲ್ಲ.

ಹಗ್ಗದ ವಿಷಯ ಬಂತಲ್ಲ, ಇನ್ನೊಂದು ಮಾತು. ಭಾನುವಾರ ಬೆಳಗಿನ ಜಾವ ನಾವು ಬೈಕ್ ಸ್ಟಾರ್ಟ್ ಮಾಡುವಾಗ ನಮ್ಮ ಹಗ್ಗದ ಆ ತುದಿ ಯಾರದೋ ಕೈಯಲ್ಲಿರುತ್ತೆ. ಕೆಂಗೇರಿಯ ಎರಡು ರೂಮಿನ ಮನೆಯಲ್ಲಿ ಮಗುವಿಗೆ ಜ್ವರ ನೋಡಿಕೊಳ್ತಾ ಇರೋ ಹೆಂಡತಿ, ರಾಜಾಜಿನಗರದಲ್ಲಿ "ತಲುಪಿದ ಮೇಲೆ ಫೋನ್ ಮಾಡೋ" ಅಂದ ಅಮ್ಮ. ಅವರಿಗೂ ವಾರವಿಡೀ ದಣಿವಾಗಿರುತ್ತೆ, ಅವರಿಗೂ ಗೆಳತಿಯರಿದ್ದಾರೆ. ನಮ್ಮ ಆತ್ಮಶೋಧನೆಯ ಖರ್ಚು ಬರೀ ಪೆಟ್ರೋಲಿನದಲ್ಲ. ಈ ವಾರ ನಾನು ಹೋದರೆ ಮುಂದಿನ ವಾರ ಅವಳು ಹೊರಡ್ತಾಳಾ ಅನ್ನೋ ಲೆಕ್ಕ ಸರಿಯಾಗಿರದಿದ್ದರೆ, ಬೆಟ್ಟದ ಮೇಲೆ ಕಲಿತ ದೊಡ್ಡತನ ಮನೆಯ ಹೊಸಿಲಲ್ಲೇ ಮುಗಿದುಹೋಯಿತು ಅಂತ ಅರ್ಥ.

ಸ್ನೇಹಕ್ಕೂ ಇದೇ ಲೆಕ್ಕ. ಕೆಲಸ ಕಳೆದುಕೊಂಡ ಆ ಗೆಳೆಯ ಬಂಡೆ ಮೇಲೆ ಹೇಳಿಕೊಂಡ, ನಾವು ಬೆನ್ನು ತಟ್ಟಿದ್ವಿ, ಇಳಿದು ಬರುವಾಗ ಬೋಂಡ ತಿಂದ್ವಿ. ಅಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆ ಭಾನುವಾರ, ಅಷ್ಟೇ. ಸೋಮವಾರ ಒಬ್ಬ ಅವನ ರೆಸ್ಯೂಮೆ ತಿದ್ದಿಕೊಟ್ಟ. ಇನ್ನೊಬ್ಬ ಅವನ ಜೊತೆ ಮನೆಗೆ ಹೋಗಿ, ಅಪ್ಪನಿಗೆ ವಿಷಯ ಹೇಳುವಾಗ ಪಕ್ಕದಲ್ಲಿ ಕೂತ. ಏನೂ ಮಾತಾಡಲಿಲ್ಲವಂತೆ, ಸುಮ್ಮನೆ ಕೂತಿದ್ದನಂತೆ.

ಬೆಟ್ಟ ಒಳ್ಳೆಯ ನೆಪ, ಬಿಡಬೇಡಿ. ಆದರೆ ತಿಂಗಳಿಗೊಂದೇ ಭಾನುವಾರ ಸಿಗೋದು, ಸಂಕಟಕ್ಕೆ ಅಷ್ಟು ದಿನ ಕಾಯೋಕಾಗಲ್ಲ. ಮುಂದಿನ ಸಲ ದರ್ಶಿನಿ ಮುಂದೆ ಯಾರಾದರೂ "ಆರಾಮ್ ಗುರು" ಅಂದರೆ, ಲೋಟ ಕೆಳಗಿಟ್ಟು, ರಸ್ತೆ ಕಡೆ ನೋಡ್ತಾ, ಇನ್ನೊಂದು ಸಲ ಕೇಳಿ.