ಕಣ್ಣು ಕಿವಿಗಳ ಉಪವಾಸ



ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸುವ ನಾವು ಏಕಾಶನ, ರಸತ್ಯಾಗ, ಪ್ರೋಷಧೋಪವಾಸಗಳನ್ನು ಯಥಾಶಕ್ತಿ ಕೈಗೊಳ್ಳುತ್ತೇವೆ. ಅದೇ ದಿನಗಳಲ್ಲಿ ಕೈಯಲ್ಲಿನ ಮೊಬೈಲಿಗೆ ಹಬ್ಬದ ರಿಯಾಯಿತಿಯ ಜಾಹೀರಾತುಗಳು ಒಂದರ ಮೇಲೊಂದು ಬರುತ್ತಿರುತ್ತವೆ. ಉದರವು ಉಪವಾಸದಲ್ಲಿದ್ದು ಕಣ್ಣು ಕಿವಿಗಳು ಹೊತ್ತು ಹೊತ್ತಿಗೂ ಉಣ್ಣುತ್ತಿದ್ದರೆ ವ್ರತವು ಪೂರ್ಣವಾಯಿತೇ?

ಶ್ರಾವಕನ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರೂ ಉಂಟು. ಅಳತೆಯನ್ನು ಹಾಕಬೇಕಾದದ್ದು ಪೆಟ್ಟಿಗೆಯಲ್ಲಿನ ವಸ್ತುವಿಗೆ ಮಾತ್ರವಲ್ಲ, ಇಚ್ಛೆಗೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವೆಂದರೆ ಮಮತ್ವರೂಪವಾದ ಮೂರ್ಛೆಯೆಂದೇ ತಿಳಿಸಿದ್ದಾರೆ. ಈ ಮೂರ್ಛೆಯನ್ನು ಹುಟ್ಟಿಸುವುದರಲ್ಲಿ ಜಾಹೀರಾತು ನಿಪುಣವಾದುದು. ಇಂದು ರಾತ್ರಿಯವರೆಗೆ ಮಾತ್ರ, ಇನ್ನು ಎರಡೇ ಉಳಿದಿವೆ ಎಂಬಂತಹ ಮಾತುಗಳು ವಿವೇಕಕ್ಕೆ ಎಡೆಗೊಡದೆ ಮನಸ್ಸನ್ನು ಅವಸರಪಡಿಸುತ್ತವೆ. ಹಣ ಕೈಬಿಡುವುದು ಕಡೆಗೆ. ವ್ರತಭಂಗದ ಬೀಜ ಬಿದ್ದುದು ಕಂಡ ಕ್ಷಣದಲ್ಲಿ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಪರಿಗ್ರಹ, ರಾಗ, ಮದ ಮೊದಲಾದವುಗಳಿಂದ ಚಿತ್ತವನ್ನು ಕಲುಷಗೊಳಿಸುವುದನ್ನು ಕೇಳುವುದೇ ದುಃಶ್ರುತಿ. ಆಚಾರ್ಯರ ಕಾಲದಲ್ಲಿ ಇಂದಿನ ಜಾಹೀರಾತು ಇರಲಿಲ್ಲ. ಆಸೆಯನ್ನು ಕೆರಳಿಸುವ ಮಾತು ಅಂದೂ ಇದ್ದಿತು.

"ನೋಡುತ್ತೇನಷ್ಟೆ, ಕೊಳ್ಳುವುದಿಲ್ಲ" ಎನ್ನುವವರುಂಟು. ದೋಣಿಯ ರಂಧ್ರವನ್ನು ಮುಚ್ಚದೆ ನೀರನ್ನು ಮೊಗೆದು ಚೆಲ್ಲುವವನ ಮಾತೂ ಹೀಗೆಯೇ. ಆಸ್ರವವನ್ನು ತಡೆಯದೆ ಸಂವರವೆಲ್ಲಿಯದು?

ಪೆಟ್ಟಿಗೆಯಲ್ಲಿ ಹತ್ತು ರೇಷ್ಮೆ ಸೀರೆಗಳಿರುವಾಗ ಚಿತ್ರವೊಂದನ್ನು ಕಂಡು ಹನ್ನೊಂದನೆಯದನ್ನು ಸಾಲದ ಕಂತಿನ ಮೇಲೆ ತರಿಸಿದೆವೆನ್ನಿ. ಅದರ ನೂಲಿಗಾಗಿ ಸಾವಿರಾರು ಗೂಡುಗಳು ಬೆಂದಿವೆ. ಕೊಲ್ಲುವ ಕೈ ನಮ್ಮದಲ್ಲವಾದರೂ ಅನುಮೋದನೆಯ ದೋಷ ತಪ್ಪದು. ಮೇಲೆ ತಿಂಗಳು ತಿಂಗಳೂ ತೆರುವ ಬಡ್ಡಿ. ಆಹಾರದಾನಕ್ಕೆ, ಬಡ ವಿದ್ಯಾರ್ಥಿಯ ಓದಿಗೆ ಸಲ್ಲಬೇಕಾಗಿದ್ದ ಹಣ ಹೀಗೆ ಸೋರಿಹೋಗುತ್ತದೆ.

ಪರಿಹಾರವೂ ವ್ರತವಿಧಾನದಲ್ಲಿಯೇ ಇದೆ. ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಅಶಕ್ತರು ಹತ್ತು ದಿನಗಳಿಗೆ, ಶಕ್ತರು ಚಾತುರ್ಮಾಸದ ನಾಲ್ಕು ತಿಂಗಳಿಗೆ ಜಾಹೀರಾತು ತ್ಯಾಗದ ನಿಯಮವನ್ನು ಸ್ವೀಕರಿಸಬಹುದು. 1909 ಸಂಖ್ಯೆಗೆ ಕರೆ ಮಾಡಿ ವ್ಯಾಪಾರದ ಕರೆ, ಸಂದೇಶಗಳು ಬೇಡವೆಂದು ನೋಂದಾಯಿಸಬೇಕು. ಮೊಬೈಲಿನಿಂದ ಅಂಗಡಿಗಳ ಆ್ಯಪ್‌ಗಳನ್ನು ತೆಗೆದುಹಾಕಬೇಕು. ದೂರದರ್ಶನದಲ್ಲಿ ಜಾಹೀರಾತು ಬಂದೊಡನೆ ಧ್ವನಿಯನ್ನಡಗಿಸಿ ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಜಪಿಸಬೇಕು. ಯಾವ ವಸ್ತುವಿನ ಮೇಲೆ ಆಸೆ ಹುಟ್ಟಿದರೂ ಅದನ್ನು ಬರೆದಿಟ್ಟು ಮುಂದಿನ ಚತುರ್ದಶಿಯವರೆಗೆ ಕಾಯಬೇಕು. ಅಂದೂ ಅಗತ್ಯವೆಂದು ತೋರಿದರೆ ಕೊಳ್ಳಲು ಅಡ್ಡಿಯಿಲ್ಲ. ಗೃಹಸ್ಥನಿಗೆ ವಿಧಿಸಿರುವುದು ಪರಿಮಾಣವೇ ಹೊರತು ಸರ್ವತ್ಯಾಗವಲ್ಲ.

ನಿಯಮ ಮುಗಿದ ದಿನ ಆ ಪಟ್ಟಿಯನ್ನು ಮನೆಯವರೆಲ್ಲ ಕುಳಿತು ಓದಿರಿ. ಕೊಳ್ಳದೆ ಉಳಿದುದರ ಬೆಲೆಯಲ್ಲಿ ಒಂದಂಶವನ್ನಾದರೂ ಚತುರ್ವಿಧ ದಾನಕ್ಕೆ ಮೀಸಲಿಡಿರಿ. ಉಪವಾಸದ ಪಾರಣೆ ಆಗ ಸಾರ್ಥಕವಾಗುವುದು.

ಜೈ ಜಿನೇಂದ್ರ.